ಜಿಪಾರಳ ಮದುವೆಯ ಕೌದಿ

ಅಕ್-ಬುಲಾಕಿನಲ್ಲಿ ಯಾರ ಮನೆಯ ಹೆಣ್ಣಿಗೆ ಮದುವೆ ಗೊತ್ತಾದರೂ ಆ ತಾಯಿ ಮೊದಲು ಬಂದು ನಿಲ್ಲುತ್ತಿದ್ದದ್ದು ಬಾತ್ಮಾಳ ಅಂಗಳದಲ್ಲಿ. ಕಂಕುಳಲ್ಲಿ ಚಿಂದಿಬಟ್ಟೆಯ ಗಂಟು, ಕೈಯಲ್ಲಿ ಆಗಷ್ಟೇ ಎಣ್ಣೆಯಿಂದ ತೆಗೆದ ಬೊರ್ಸೋಕ್ ಎಂಬ ಹಿಟ್ಟಿನ ಕರಿದ ತಿಂಡಿಯ ತಟ್ಟೆ. ಹೆಣ್ಣು ಗಂಡನ ಮನೆಗೆ ಹೊರಟರೆ ಜೊತೆಗೆ ಹಾಸಿಗೆ ಹೊದಿಕೆಗಳ ರಾಶಿ ಹೋಗಬೇಕು, ಆ ರಾಶಿಯ ನೆತ್ತಿಯ ಮೇಲೆ ಒಂದು ಕೌದಿ ಕೂರಬೇಕು. ಬೀಗರು ಹೆಣ್ಣಿನ ಮನೆಯ ತೂಕ ಅಳೆಯುತ್ತಿದ್ದದ್ದು ಆ ಕೌದಿ ನೋಡಿಯೇ. ಊರಿನ ಯಾವ ಮನೆಯ ರಾಶಿ ಬಿಚ್ಚಿದರೂ ಬಾತ್ಮಾ ಜೋಡಿಸಿದ ನಾಲ್ಕು ಚೌಕವಾದರೂ ಅದರೊಳಗೆ ಸಿಗುತ್ತಿದ್ದವು.

ಬಾತ್ಮಾ ಎರಡು ಸಲ ಮದುವೆಯಾಗಿ ಎರಡು ಸಲವೂ ಗಂಡನನ್ನು ಮಣ್ಣಿಗೆ ಕೊಟ್ಟವಳು. ಮೊದಲನೆಯವನು ಕಚ್ಕಿನ್, ಕುರಿ ಕಾಯುತ್ತಿದ್ದ. ನದಿ ಉಕ್ಕಿ ಹರಿಯುತ್ತಿದ್ದಾಗಲೂ ಮಂದೆಯನ್ನು ಇವತ್ತೇ ಆಚೆ ದಡಕ್ಕೆ ದಾಟಿಸಲೇಬೇಕು ಎಂದು ಸಾಮೂಹಿಕ ಬೇಸಾಯ ಸಂಘದ ಅಧ್ಯಕ್ಷ ಹಟ ಹಿಡಿದ. ಮಂದೆ ಅರ್ಧ ಉಳಿಯಿತು, ಕಚ್ಕಿನ್ ಉಳಿಯಲಿಲ್ಲ. ಎರಡನೆಯವನು ಶಾಬ್ದಾನ್, ಟ್ರ್ಯಾಕ್ಟರ್ ಓಡಿಸುತ್ತಿದ್ದ, ಹಾಡುತ್ತಿದ್ದ, ಕುಡಿಯುತ್ತಿದ್ದ. ಕೊನೆಕೊನೆಗೆ ಕುಡಿಯುವುದೊಂದೇ ಉಳಿಯಿತು. ಮಕ್ಕಳಾಗಲಿಲ್ಲ. ಊರು ಬೆನ್ನ ಹಿಂದೆ ಏನು ಆಡಿಕೊಳ್ಳುತ್ತದೆಂದು ಬಾತ್ಮಾಳಿಗೆ ಗೊತ್ತಿತ್ತು. ಮುಖಕ್ಕೆ ಯಾರೂ ಅಂದಿರಲಿಲ್ಲ. ಅನ್ನುವಂತೆಯೂ ಇರಲಿಲ್ಲ. ಎಲ್ಲರಿಗೂ ಅವಳ ಸೂಜಿ ಬೇಕಾಗಿತ್ತು.

ಪಕ್ಕದ ಮನೆಯ ಕಲೀಚಾ ಅವಳ ಶಾಲೆಯ ಗೆಳತಿ. ಒಂದೇ ಬೆಂಚಿನಲ್ಲಿ ಕೂತು, ಒಂದೇ ಪೆನ್ಸಿಲನ್ನು ಮುರಿದು ಹಂಚಿಕೊಂಡು ಬೆಳೆದವರು. ಎರಡು ಮನೆಯ ನಡುವಿನ ಮಣ್ಣಿನ ಗೋಡೆ ಒಂದು ಕಡೆ ಕುಸಿದಿತ್ತು. ಅದನ್ನು ಕಟ್ಟಿಸುವ ಮಾತು ಇಬ್ಬರೂ ಎತ್ತಿದ್ದಿಲ್ಲ, ಯಾಕೆಂದರೆ ಕಲೀಚಾಳ ಮಗಳು ಜಿಪಾರ್ ಓಡಾಡುತ್ತಿದ್ದ ದಾರಿ ಅದೇ. ಕಲೀಚಾ ಆಲೂಗಡ್ಡೆ ಹೊಲಕ್ಕೆ ಹೋದಾಗಲೆಲ್ಲ ಮಗು ಬಾತ್ಮಾಳ ತೊಡೆಯ ಮೇಲೆ ಇರುತ್ತಿತ್ತು. ನಡೆಯಲು ಕಲಿತದ್ದು, ಗುಂಡಿ ನುಂಗಿ ಊರೆಲ್ಲ ಹೆದರಿಸಿದ್ದು, ಸೂಜಿಗೆ ದಾರ ಪೋಣಿಸಿದ್ದು, ಎಲ್ಲ ಈ ಮನೆಯಲ್ಲೇ.

ಜಿಪಾರಳಿಗೆ ಕೊಚ್‌ಕೋರ್ ಕಡೆಯ ಹುಡುಗನೊಂದಿಗೆ ಮದುವೆ ನಿಶ್ಚಯವಾಯಿತು. ಆಲೂಗಡ್ಡೆ ಕಿತ್ತಾದ ಮೇಲೆ ಬೀಗರು ಬರುವುದೆಂದು ಮಾತಾಯಿತು. ಕಲೀಚಾ ಗಂಟು ಹೊತ್ತು ತಂದಳು. ಅವಳ ಅಮ್ಮನ ಮಖಮಲ್ಲಿನ ಅಂಗಿ, ಜಿಪಾರ್ ಹಾಲುಗಲ್ಲದ ಮಗುವಾಗಿದ್ದಾಗಿನ ಫ್ರಾಕು, ತುಂಬು ಬಾಳು ಬಾಳಿ ಹೋದ ಅಜ್ಜನ ಸಾವಿನಲ್ಲಿ ಬಂದವರಿಗೆಲ್ಲ ಆಶೀರ್ವಾದವೆಂದು ಹರಿದು ಹಂಚಿದ್ದ ಬಟ್ಟೆಯ ಪಟ್ಟಿಗಳು, ಯಾವುದೋ ಕಾಲದ ರೇಷ್ಮೆ. ಮೊದಲ ಕತ್ತರಿ ಹಾಕುವವಳು ಮಾತ್ರ ಗಂಡ ಮಕ್ಕಳಿಂದ ತುಂಬಿದ ಮನೆಯ ಹೆಂಗಸೇ ಆಗಬೇಕು. ಕಲೀಚಾಳ ಗಂಡನ ಅತ್ತಿಗೆ ಜೂರಾ ಬಂದು, ರೇಷ್ಮೆಯನ್ನು ಸೊಟ್ಟಗೆ ಕತ್ತರಿಸಿ, ಚಹಾ ಕುಡಿದು ಹೋದಳು. ಬಾತ್ಮಾ ಯಾವಾಗಲೂ ಮಾಡುವಂತೆ ಆ ಹೊತ್ತಿಗೆ ಬಾಗಿಲ ಹತ್ತಿರ ಕೂತಿದ್ದಳು. ಅದು ಹಿಂದಿನಿಂದ ಬಂದದ್ದು, ಅದಕ್ಕೆ ಅವಳು ಯಾವತ್ತೂ ಬೇಜಾರು ಪಟ್ಟಿರಲಿಲ್ಲ. ಸೊಟ್ಟಗಾದ ರೇಷ್ಮೆಯನ್ನು ಹೇಗೆ ಉಳಿಸಿಕೊಳ್ಳುವುದು ಎಂದಷ್ಟೇ ಯೋಚಿಸುತ್ತಿದ್ದಳು.

ಮೊದಮೊದಲು ಬೀದಿಯ ಹೆಂಗಸರೂ ಬಂದು ಕೂತರು. ಹರಟೆ ಮುಗಿದಂತೆ ಒಬ್ಬೊಬ್ಬರಾಗಿ ಕರಗಿದರು. ಉಳಿದವಳು ಬಾತ್ಮಾ. ಒಂದೊಂದು ಚೌಕಕ್ಕೂ ಒಂದೊಂದು ದಾರಿ. ತಾಯಿತದಂಥ ಮುಕ್ಕೋನಗಳನ್ನು ಉದ್ದದ ಬದಿಯಿಂದಲೇ ಹೊಲಿಯಬೇಕು, ಬಟ್ಟೆಯ ಓರೆಯನ್ನು ಎಳೆದರೆ ಮೂಲೆ ಸೊಟ್ಟಗಾಗುತ್ತದೆ. ಬಾತುಕಾಲಿನ ಚೌಕದಲ್ಲಿ ಮೂರು ಬೆರಳೂ ಒಂದೇ ಬಿಂದುವಿನಲ್ಲಿ ಸೇರಬೇಕು, ಕೂದಲೆಳೆ ತಪ್ಪಿದರೆ ಕುಂಟ ಬಾತು. ಮಧ್ಯದಲ್ಲಿ ಒಂದು ಕೆಂಪು ತುಂಡಿಟ್ಟು ಅದರ ಸುತ್ತ ಪಟ್ಟಿಗಳನ್ನು ಸುತ್ತುತ್ತಾ ಹೋಗುವ ಚೌಕಗಳು ಬೇರೆ. ಮಖಮಲ್ಲು ಜಾರುತ್ತದೆಂದು ಅದಕ್ಕೆ ಹಿಂದೆ ಹೋಗಿ ಮುಂದೆ ಬರುವ ಗಟ್ಟಿ ಹೊಲಿಗೆ. ಹಳೆಯ ರೇಷ್ಮೆ ಸೂಜಿ ತಾಗಿದರೆ ಬಿರಿಯುತ್ತದೆಂದು ಅಡಿಗೆ ತೆಳು ಹತ್ತಿಬಟ್ಟೆ ಕೊಟ್ಟು ಕಚ್ಚಾ ಹೊಲಿಗೆಯಲ್ಲಿ ಹಿಡಿದು, ಆಮೇಲೆ ಜೋಡಣೆ. ಅಂಚಿಗೆ ಮಡಿಸಿ ಮಡಿಸಿ ಕೂರಿಸಿದ ಹಲ್ಲುಗಳ ಸಾಲು, ದಾರದ ಗುರುತೇ ಕಾಣದ ಹಾಗೆ.

ಇನ್ನೊಂದು ಕೆಲಸವನ್ನೂ ಬಾತ್ಮಾ ಯಾರಿಗೂ ಹೇಳದೆ ಮಾಡುತ್ತಿದ್ದಳು. ತನ್ನ ಮನೆಯ ಒಂದು ಎಳೆ ದಾರವೂ ಈ ಕೌದಿಗೆ ಸೇರದಂತೆ ನೋಡಿಕೊಳ್ಳುತ್ತಿದ್ದಳು. ದಾರ ಕಲೀಚಾಳ ಮನೆಯದು, ಸೂಜಿ ಕಲೀಚಾಳ ಮನೆಯದು, ಕೂರುತ್ತಿದ್ದದ್ದೂ ಅವಳ ಮನೆಯ ಪಡಸಾಲೆಯಲ್ಲೇ. ಜನ ಹೇಳುವುದನ್ನು ನಂಬುತ್ತಿದ್ದಳೋ ಇಲ್ಲವೋ, ಮಗುವಿನ ವಿಷಯದಲ್ಲಿ ಯಾಕೆ ಬೇಕು ಎಂದುಕೊಂಡಿದ್ದಳು. ದಾರ ಮುಗಿದ ದಿನ ತನ್ನ ಪೆಟ್ಟಿಗೆಯಲ್ಲಿ ಅದೇ ಬಣ್ಣದ ಉಂಡೆ ಇದ್ದರೂ, ಪೇಟೆಯಿಂದ ಬರಲೆಂದು ಕೈಕಟ್ಟಿ ಕೂತಳು.

ಬೀಗರು ಬರುವ ದಿನ ಬಾತ್ಮಾ ಒಳ್ಳೆಯ ಅಂಗಿ ತೊಟ್ಟು, ಹೂವಿನ ವಸ್ತ್ರವನ್ನು ತಲೆಗೆ ಕಟ್ಟಿ, ಕುಸಿದ ಗೋಡೆ ದಾಟಿ ಹೋದಳು. ಹಾಸಿಗೆಯ ರಾಶಿ ಕೂರಿಸುವ ಹೊತ್ತು ಅದು. ಬಾಗಿಲಲ್ಲಿ ಜೂರಾ ನಿಂತಿದ್ದಳು. ಒಲೆಯ ಹತ್ತಿರ ಜನ ಸಾಲದು, ಕ್ಯಾರೆಟ್ಟು ಈರುಳ್ಳಿ ಹಾಗೇ ಬಿದ್ದಿದೆ, ನಿನ್ನ ಕೈ ಚುರುಕು, ಅಲ್ಲಿ ನೋಡಿಕೋ ಎಂದಳು. ಮದುವೆ ಮನೆಯಲ್ಲಿ ಯಾವ ಕೆಲಸವಾದರೇನು ಎಂದು ಬಾತ್ಮಾ ತೋಳು ಮಡಿಸಿ ಕಡಾಯಿಯ ಪಕ್ಕ ಕೂತಳು.

ಜೂರಾಳ ಕಿರಿಯ ಸೊಸೆ ಮೇರಿಮ್ ಹೊಸದಾಗಿ ಊರಿಗೆ ಬಂದವಳು, ಹಿಂದುಮುಂದು ಗೊತ್ತಿಲ್ಲದ ಹುಡುಗಿ. ಎದುರಿಗೆ ಈರುಳ್ಳಿ ಸುಲಿಯುತ್ತಾ ಕೂತಿದ್ದಳು. ಒಳಗೆ ಹಾಸಿಗೆ ರಾಶಿ ಕೂರಿಸಿ ಆಯಿತು, ಅತ್ತೆ ಜುನಿಪರ್ ಸೊಪ್ಪಿನ ಹೊಗೆ ಹಾಕಿದರು ಎಂದು ಮಾತಿಗೆ ಹೇಳಿದಳು. ಹಾಕಲಿ, ಎಲ್ಲರೂ ಹಾಕುತ್ತಾರೆ ಎಂದಳು ಬಾತ್ಮಾ.

"ಎಲ್ಲದಕ್ಕೂ ಒಂದ್ಸಲ ಹಾಕಿದ್ರು. ಕೌದಿಗೆ ಮಾತ್ರ ಇನ್ನೊಂದ್ಸಲ," ಎಂದಳು ಹುಡುಗಿ. "ಗಂಡಂದಿರನ್ನ ತಿಂದ ಕೈ ಆಡಿದೆ, ಆ ದೋಷ ಹೋಗ್ಲಿ ಅಂತ. ಯಾರ ಕೈ ಅಕ್ಕಾ ಅದು?"

ಬಾತ್ಮಾಳ ಚೂರಿ ಕ್ಯಾರೆಟ್ಟಿನಲ್ಲೇ ನಿಂತಿತು. ಪಕ್ಕದಲ್ಲಿದ್ದ ಹೆಂಗಸು ಮೇರಿಮಳನ್ನು ಪಟಕ್ಕನೆ ಚಿವುಟಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತು. ಬಾತ್ಮಾ ಉಳಿದ ಕ್ಯಾರೆಟ್ಟನ್ನೆಲ್ಲ ಹೆಚ್ಚಿದಳು. ಎಳೆ ಎಳೆಯಾಗಿ, ಒಂದರಷ್ಟೇ ಇನ್ನೊಂದು. ಜೂರಾ ಹಾಗೆಂದದ್ದು ಅವಳಿಗೆ ದೊಡ್ಡದಲ್ಲ. ಜೂರಾಳ ಬಾಯಿ ಊರಿಗೇ ಗೊತ್ತು. ಹೊಗೆ ಹಾಕುವಾಗ ಕಲೀಚಾ ಎಲ್ಲಿದ್ದಳು? ಅದೊಂದೇ ಪ್ರಶ್ನೆ ಎದೆಯಲ್ಲಿ ತಿದಿಯಂತೆ ಊದುತ್ತಿತ್ತು.

ಬೀಗರು ಬಂದರು, ಕುರಿ ಕೊಯ್ದರು, ಮೌಲವಿ ಹರಸಿದರು. ಬಿಸಿನೀರಿನ ಸಮೋವಾರ್ ಒಳಗೆ ಬೇಕೆಂದು ಕೂಗು ಬಂದಾಗ ಹತ್ತಿರ ಬೇರೆ ಯಾರೂ ಇರಲಿಲ್ಲ. ಬಾತ್ಮಾ ತಾನೇ ಎತ್ತಿಕೊಂಡು ಹೋದಳು. ಪಡಸಾಲೆಯ ಒಂದು ಮೂಲೆಯಲ್ಲಿ ಪರದೆ ಕಟ್ಟಿ ಜಿಪಾರಳನ್ನು ಒಳಗೆ ಕೂರಿಸಿದ್ದರು. ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲಿ ಬೀಗಿತ್ತಿ ಕೂತಿದ್ದಳು. ಗಟ್ಟಿ ಮೈಯ, ಗಟ್ಟಿ ದನಿಯ ಹೆಂಗಸು. ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು, ಒಂದು ಚೌಕವನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದಳು. ಹೊಲಿಗೆ ಬಲ್ಲವರು ಮಾತ್ರ ಹಾಗೆ ನೋಡುವುದು.

"ಯಾರ ಕೈಯಮ್ಮ ಇದು?" ಎಂದು ಕೇಳಿದಳು. "ನಮ್ಮ ಕಡೆ ಇಷ್ಟು ಸಣ್ಣ ಹೊಲಿಗೆ ಈಗ ಯಾರೂ ಹಾಕೋದೇ ಇಲ್ಲ."

"ನಮ್ಮನೆ ಹೆಂಗಸರದ್ದೇ," ಎಂದಳು ಜೂರಾ. "ಕತ್ತರಿ ಹಾಕಿದ್ದು ನಾನು. ಮುಂದೆ ಕೂತು ಮಾಡಿಸಿದ್ದೂ ನಾನೇ."

ಕಲೀಚಾ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದಳು. ತಲೆಯೆತ್ತಿದಾಗ ಬಾಗಿಲಲ್ಲಿ ಬಾತ್ಮಾ ಕಂಡಳು. ಕಣ್ಣು ಕಣ್ಣು ಸೇರಿದವು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಬಾತ್ಮಾ ಕಾದಳು. ಕಲೀಚಾ ತುಂಬಿದ ಬಟ್ಟಲಿಗೇ ಇನ್ನಷ್ಟು ಬಗ್ಗಿಸಿ, ಚೆಲ್ಲಿದ್ದನ್ನು ಒರೆಸಲು ತಲೆ ತಗ್ಗಿಸಿದಳು.

ಬಾತ್ಮಾ ಸಮೋವಾರನ್ನು ಕೆಳಗಿಟ್ಟಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಜನ ಹುಚ್ಚಿ ಎನ್ನುತ್ತಿದ್ದರು.

"ಅದು ನನ್ನ ಕೈ, ಬೀಗಿತ್ತಮ್ಮ," ಎಂದಳು. "ಪಕ್ಕದ ಮನೆಯವಳು ನಾನು, ಬಾತ್ಮಾ. ಇಬ್ಬರು ಗಂಡಂದಿರನ್ನ ಕಳಕೊಂಡಿದೀನಿ, ಮಕ್ಕಳಿಲ್ಲ. ನಿಮಗೆ ಅಡ್ಡಿ ಇದ್ರೆ ಹೇಳಿ, ಇಲ್ಲೇ ಬಿಚ್ಚಿ ಕೊಡ್ತೀನಿ. ಹೊಗೆ ಹಾಕಿ ನನ್ನನ್ನ ಅಳಿಸೋದು, ಆಮೇಲೆ ನನ್ನ ಹೊಲಿಗೆ ತೋರಿಸಿ ಮೆರೆಯೋದು, ಎರಡೂ ಬೇಡ. ಯಾವುದಾದ್ರೂ ಒಂದು ಮಾಡಿ."

ಪರದೆ ಒಂದು ಸಲ ಅಲುಗಾಡಿ ಸುಮ್ಮನಾಯಿತು. ಬೀಗಿತ್ತಿ ಕೌದಿಯನ್ನು ನೀಟಾಗಿ ಮಡಿಸಿ ಪಕ್ಕಕ್ಕಿಟ್ಟಳು. ಹೊಲಿಗೆ ಬಹಳ ಚೆನ್ನಾಗಿದೆ, ದೇವರು ಕೈಗೆ ಶಕ್ತಿ ಕೊಡಲಿ ಎಂದಳು. ಆಮೇಲೆ, ಗಾಡಿಯಲ್ಲಿ ಜಾಗ ಕಡಿಮೆ, ಇದೊಂದು ಇಲ್ಲೇ ಇರಲಿ, ಮುಂದಿನ ಸಲ ಬಂದಾಗ ಒಯ್ದರಾಯಿತು ಎಂದಳು. ಅದರ ಅರ್ಥ ಕೂತವರಿಗೆಲ್ಲ ಆಯಿತು. ಬಾತ್ಮಾಳಿಗೂ ಆಯಿತು. ಅವಳು ಹೊರಗೆ ಬಂದು, ಚಪ್ಪಲಿ ಮೆಟ್ಟಿ, ಗೋಡೆಯ ಸಂದಿ ಬಿಟ್ಟು ಬೀದಿಯ ಬಾಗಿಲಿನಿಂದಲೇ ಮನೆಗೆ ನಡೆದಳು.

ಬೀಗರು ಮದುಮಗಳನ್ನು ಕರೆದುಕೊಂಡು ಹೋದ ಬೆನ್ನಿಗೇ ಕಲೀಚಾ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು. ಬೀಗರ ಮುಂದೆ ನನ್ನ ಮುಖಕ್ಕೆ ಮಸಿ ಬಳಿದೆ, ನಾಳೆ ನನ್ನ ಮಗಳಿಗೆ ಅಲ್ಲಿ ಏನೇನು ಮಾತು ಬೀಳುತ್ತೋ, ಒಂದು ದಿನ ಬಾಯಿ ಮುಚ್ಚಿಕೊಂಡಿರೋಕೆ ಆಗಲಿಲ್ಲವಾ ಎಂದು ಕೂಗಾಡಿದಳು. ಬಾತ್ಮಾ ಸೌದೆ ಒಡೆಯುತ್ತಿದ್ದಳು. ಕೊಡಲಿ ನಿಲ್ಲಿಸಲಿಲ್ಲ.

"ನಿನ್ನ ಮನೇಲಿ ದಾರ ಮುಗಿದಾಗ ನನ್ನ ಪೆಟ್ಟಿಗೇಲಿ ಅದೇ ದಾರ ಇತ್ತು ಕಲೀಚಾ. ತರಲಿಲ್ಲ. ಯಾಕೆ ಗೊತ್ತಾ? ಮಗೂಗೆ ನನ್ನಿಂದ ಏನೂ ತಗಲದೇ ಇರ್ಲಿ ಅಂತ. ನಿಮಗಿಂತ ಮೊದಲು ನಾನೇ ನನ್ನನ್ನ ಹೊರಗಿಟ್ಟಿದ್ದೆ. ಅಷ್ಟೂ ಸಾಲದೇ ಹೋಯ್ತಾ ನಿಮಗೆ?"

ಅತ್ತಿಗೆ ದೊಡ್ಡವರು, ಅವರ ಮಾತಿಗೆ ನಾನು ಹೇಗೆ ಎದುರಾಡಲಿ ಎಂದಳು ಕಲೀಚಾ. ಬಾತ್ಮಾ ಇನ್ನೊಂದು ಕೊರಡು ಎತ್ತಿಟ್ಟಳು.

ಆ ಚಳಿಗಾಲ ಬಾತ್ಮಾ ಕೋಪವನ್ನು ಒಲೆಯ ಹಾಗೆ ಕಾಪಾಡಿಕೊಂಡು ಬಂದಳು. ಒಬ್ಬಳೇ ಕೂತು ಲೆಕ್ಕ ಹಾಕುತ್ತಿದ್ದಳು. ಕಚ್ಕಿನನನ್ನು ಹೊಳೆಗೆ ಇಳಿಸಿದ್ದು ಅಧ್ಯಕ್ಷನ ಮಾತು. ಆ ಅಧ್ಯಕ್ಷನ ಕೈಗೆ ದೋಷವಿದೆಯೆಂದು ಯಾರಾದರೂ ಹೊಗೆ ಹಾಕಿದರಾ? ಅವನು ಪದಕ ಹಾಕಿಕೊಂಡು ಸತ್ತ, ಶಾಲೆಯ ಹತ್ತಿರ ಅವನ ಹೆಸರಿನ ಬೀದಿ ಇದೆ. ಜೂರಾಳ ಗಂಡ ಕುಡಿದು ಬಂದು ಅವಳ ಮಣಿಕಟ್ಟು ಮುರಿದದ್ದು ಊರಿಗೆಲ್ಲ ಗೊತ್ತು. ಅದಕ್ಕೇ ಅವಳ ಕತ್ತರಿ ಸೊಟ್ಟಗೆ ಹೋಗುವುದು. ಆದರೂ ಅದು ಪುಣ್ಯದ ಕೈ, ಯಾಕೆಂದರೆ ಮುರಿದವನು ಬದುಕಿದ್ದಾನೆ. ಗೋಡೆಯ ಮೇಲಿದ್ದ ಶಾಬ್ದಾನನ ಫೋಟೋಗೂ ಒಂದು ದಿನ ಸರಿಯಾಗಿ ಬಿತ್ತು. "ನೀನು ಬಾಟ್ಲಿ ಎತ್ತಿದ್ದಕ್ಕೆ ನನ್ನ ಕೈ ಕೆಟ್ಟದ್ದಾಯ್ತಲ್ಲೋ," ಎಂದು ಬೈದಳು. ಬೈದ ಮೇಲೆ ಮರುಕ ಬಂದು ಫೋಟೋದ ಧೂಳು ಒರೆಸಿದಳು.

ಊರು ಬಾತ್ಮಾಳನ್ನೇ ತಪ್ಪಿತಸ್ಥಳನ್ನಾಗಿ ಮಾಡಿತು. ಶುಭದ ಹೊತ್ತಿನಲ್ಲಿ ನಾಲಿಗೆ ಹರಿಯಬಿಟ್ಟಳು ಎಂದಿತು. ಹಾಗೆಂದ ಊರಿನಿಂದಲೇ, ಹಿಮ ಕರಗುವ ಹೊತ್ತಿಗೆ, ಸೋನುನ್ ಎಂಬವಳು ಒಂದು ಮುಸ್ಸಂಜೆ ಹುಲ್ಲುಬಣವೆಯ ಹಿಂದಿನಿಂದ ಬಂದಳು. ಮಗಳ ಮದುವೆ ಇತ್ತು. ಚೀಲದಲ್ಲಿ ಚಿಂದಿ. ಪೇಟೆಯಿಂದ ತಂದ ಮಿಷನ್ ಹೊಲಿಗೆಯ ಕೌದಿಗೆ ಮೂಲೆ ಕೂಡುವುದಿಲ್ಲ, ನೀನೇ ಆಗಬೇಕು, ಆದರೆ ಯಾರಿಗೂ ಗೊತ್ತಾಗುವುದು ಬೇಡ, ನಿನ್ನ ಮನೆಯಲ್ಲೇ ಹೊಲಿದಿಡು, ಸಂಜೆ ಬಂದು ಒಯ್ಯುತ್ತೇನೆ ಎಂದಳು.

ಬಾತ್ಮಾ ಚಹಾ ಕೊಟ್ಟಳು. ಚೀಲ ಮುಟ್ಟಲಿಲ್ಲ.

"ಹೊಲಿಯೋದು ನಾನಾದ್ರೆ ಮೊದಲ ಕತ್ತರೀನೂ ನನ್ನದೇ," ಎಂದಳು. "ಹಗಲು ಹೊತ್ತು, ಬೀದಿ ಬಾಗಿಲಿಂದ ಬಾ. ನಿನ್ನ ವಾರಗಿತ್ತಿಯರನ್ನೂ ಕರ್ಕೊಂಡು ಬಾ. ಅವರ ಕಣ್ಣ ಮುಂದೆ ಕತ್ತರಿ ಹಾಕ್ತೀನಿ. ಕಳ್ಳಬಟ್ಟಿ ಸಾರಾಯಿ ಮಾರ್ತಿಲ್ಲ ನಾನು, ಬಣವೆ ಹಿಂದಿಂದ ಕೊಡೋಕೆ."

ಸೋನುನ್ ಚಹಾ ಅರ್ಧಕ್ಕೇ ಬಿಟ್ಟು ಹೋದಳು. ಸುದ್ದಿ ಹೇಗೋ ಹರಡಿತು. ಬಾತ್ಮಾಳಿಗೆ ಸೊಕ್ಕು ಬಂದಿದೆ ಎಂದರು. ಆಮೇಲೆ ಬಣವೆಯ ಹಿಂದಿನಿಂದಲೂ ಯಾರೂ ಬರಲಿಲ್ಲ. ಕೆಲಸವಿಲ್ಲದ ಕೈ ನಿದ್ದೆಯಲ್ಲೂ ಆಡುತ್ತಿತ್ತು. ಆದರೂ ಅವಳು ಹಟ ಬಿಡಲಿಲ್ಲ.

ಮುಂದಿನ ಬೇಸಿಗೆಯ ಕೊನೆಗೆ, ಮತ್ತೆ ಆಲೂಗಡ್ಡೆ ಕೀಳುವ ಹೊತ್ತಿಗೆ, ಜಿಪಾರ್ ತವರಿಗೆ ಬಂದಳು. ಮದುವೆಯಾದ ಮೇಲೆ ಮೊದಲ ಸಲ, ತೋಳಲ್ಲಿ ಹೆಣ್ಣುಕೂಸು. ಬಂದ ಮರುದಿನ ಬೆಳಿಗ್ಗೆ, ಬೀದಿಯ ಹೆಂಗಸರು ಹಾಲಿನ ಕ್ಯಾನು ಹಿಡಿದು ನಿಂತಿದ್ದ ಹೊತ್ತಿನಲ್ಲೇ, ಅವರೆಲ್ಲರ ನಡುವೆ ಹಾದು ಬೀದಿ ಬಾಗಿಲಿನಿಂದ ಬಾತ್ಮಾಳ ಮನೆಗೆ ನಡೆದಳು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಚಿಂದಿಯ ಗಂಟು, ಬೆನ್ನಿಗೆ ಮಡಿಸಿ ಕಟ್ಟಿಕೊಂಡಿದ್ದ ತನ್ನ ಮದುವೆಯ ಕೌದಿ. ಅಮ್ಮನ ಪೆಟ್ಟಿಗೆಯಿಂದ ತೆಗೆದುಕೊಂಡು ಬಂದೆ, ಹೋಗುವಾಗ ಒಯ್ಯುತ್ತೇನೆ ಎಂದಳು. ಕೂತು ಉಸಿರು ತೆಗೆದುಕೊಳ್ಳುವ ಮೊದಲೇ, ತೊಟ್ಟಿಲಿಗೆ ಒಂದು ಪುಟ್ಟ ಕೌದಿ ಬೇಕು, ಇವತ್ತೇ ಶುರು ಮಾಡೋಣ ಎಂದಳು.

ಮದುವೆಯ ದಿನದ ಮಾತಿನಿಂದ ಕೊಚ್‌ಕೋರಿನಲ್ಲಿ ಏನಾಯಿತೆಂದು ಬಾತ್ಮಾ ಕೇಳಿದಳು. ಆರು ತಿಂಗಳು ಯಾರೂ ಆ ಮಾತೆತ್ತಲಿಲ್ಲ, ಎತ್ತಿದಾಗ ಸ್ವಲ್ಪ ಚುಚ್ಚಿಸಿಕೊಂಡೆ ಎಂದಳು ಜಿಪಾರ್. ಅದಕ್ಕೆ ಬಾತ್ಮಾಳ ಮುಖ ಕಪ್ಪಿಟ್ಟಿತು.

"ನಿಮ್ಮತ್ತೆಗೆ ಗೊತ್ತಾ, ಇಲ್ಲಿಗೆ ಬಂದಿರೋದು?"

"ಹೇಳೇ ಬಂದಿದೀನಿ ದೊಡ್ಡಮ್ಮ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಾತುಕಾಲಿನ ಚೌಕ ಮಾತ್ರ ಮರೀಬೇಡ ಅಂದ್ರು."

ಬಾತ್ಮಾಳಿಗೆ ನಗು ಬಂದರೂ ಗಂಟು ಬಿಚ್ಚಲು ಕೈ ಏಳಲಿಲ್ಲ. ಇಡೀ ಚಳಿಗಾಲ ಊರನ್ನು ಬೈದವಳಿಗೆ, ತೊಟ್ಟಿಲಿನ ಮಾತು ಬಂದ ಕೂಡಲೇ ಎದೆ ಅಳುಕಿತು. ಕೂಸಿಗೆ ನಾಳೆ ಒಂದು ಕೆಮ್ಮು ಬಂದರೂ ನನ್ನ ಮೇಲೇ ಬರುತ್ತದೆ, ಬೇಡ ಮಗಳೇ, ಬೇರೆ ಯಾರಿಂದಲಾದರೂ ಕತ್ತರಿ ಹಾಕಿಸು, ಹೊಲಿದು ಕೊಡುತ್ತೇನೆ ಎಂದಳು. ಹೇಳಿದ ಮೇಲೆ ತನ್ನ ಬಾಯಿಂದ ಬಂದದ್ದು ಜೂರಾಳ ಮಾತು ಎಂದು ಹೊಳೆದು ನಾಲಿಗೆ ಕಚ್ಚಿಕೊಂಡಳು.

ಜಿಪಾರ್ ಕೂಸನ್ನು ಎತ್ತಿ ಅವಳ ತೊಡೆಯ ಮೇಲೆ ಹಾಕಿದಳು.

"ನಾನು ಈ ತೊಡೆ ಮೇಲೇ ಬೆಳೆದದ್ದಲ್ವಾ? ಸತ್ತಿದೀನಾ? ಗುಂಡಿ ನುಂಗಿದ್ರೂ ಸಾಯಲಿಲ್ಲ."

ಕೂಸು ಬಾತ್ಮಾಳ ಹೆಬ್ಬೆರಳು ಹಿಡಿದು ಬಾಯಿಗೆ ಎಳೆದುಕೊಂಡಿತು. ಬಾತ್ಮಾ ತುಂಬ ಹೊತ್ತು ಬಿಡಿಸಿಕೊಳ್ಳಲಿಲ್ಲ. ಆಮೇಲೆ ಕೂಸನ್ನು ತಾಯಿಗೆ ಕೊಟ್ಟು, ತನ್ನದೇ ಪೆಟ್ಟಿಗೆ ತೆರೆದಳು. ತನ್ನ ಕತ್ತರಿ, ತನ್ನ ದಾರ. ಶಾಬ್ದಾನನ ಹಾಡುವ ದಿನಗಳ ನೀಲಿ ಅಂಗಿಯ ಒಂದು ತೋಳೂ ಅಲ್ಲಿತ್ತು. ಅದನ್ನು ಹೊರಗೆ ತೆಗೆದಳು. ಚಾಪೆಯನ್ನು ಬಾಗಿಲಾಚೆ ಜಗಲಿಗೆ ಒಯ್ದು, ಹಾಲಿನ ಕ್ಯಾನಿನ ಹೆಂಗಸರಿಗೆಲ್ಲ ಕಾಣುವ ಹಾಗೆ ಹಾಸಿ, ಕೂತು, ಆ ನೀಲಿ ಬಟ್ಟೆಗೆ ನೇರವಾಗಿ ಮೊದಲ ಕತ್ತರಿ ಹಾಕಿದಳು. ಯಾರೋ ಬೀದಿಯಲ್ಲಿ ಪಿಸುಗುಟ್ಟಿದರು. ಬಾತ್ಮಾ ತಲೆಯೆತ್ತಿ ನೋಡಿದ ಮೇಲೆ ಪಿಸುಮಾತು ನಿಂತಿತು.

ಮಧ್ಯಾಹ್ನಕ್ಕೆ ಕಲೀಚಾ ಮಗಳನ್ನು ಊಟಕ್ಕೆ ಕರೆಯುತ್ತಾ ಗೋಡೆಯ ಸಂದಿಯಲ್ಲಿ ನಿಂತಳು. ಒಳಗೆ ಬರಲೂ ಆಗದೆ ಹಿಂದೆ ಹೋಗಲೂ ಆಗದೆ ನಿಂತವಳು, ಮಗಳ ಕೈಯ ನೀಲಿ ತುಂಡು ನೋಡಿ ಯಾರ ಅಂಗಿಯದೆಂದು ಗುರುತು ಹಿಡಿದಳು. ಕೊನೆಗೆ, ತಪ್ಪಾಯಿತು ಬಾತ್ಮಾ, ಆವತ್ತು ನಾನು ಬಾಯಿ ಬಿಡಬೇಕಿತ್ತು ಎಂದಳು.

"ಇಲ್ಲಿ ಹೇಳಿದ್ರೆ ಗೋಡೆ ಕೇಳತ್ತೆ," ಎಂದಳು ಬಾತ್ಮಾ, ಸೂಜಿಯಿಂದ ಕಣ್ಣು ತೆಗೆಯದೆ. "ಎಲ್ಲಿ ಸುಮ್ಮನಿದ್ಯೋ ಅಲ್ಲಿ ಹೋಗಿ ಹೇಳು."

ಕಲೀಚಾ ಆ ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಮಗಳು ಗಂಡನ ಮನೆಗೆ ಹೊರಡುವ ಹಿಂದಿನ ದಿನ ಬಂಧುಗಳೆಲ್ಲ ಜೂರಾಳ ಮನೆಯಲ್ಲಿ ಊಟಕ್ಕೆ ಸೇರಿದ್ದರು. ಅಲ್ಲಿ ಕೌದಿಯ ಮಾತು ಬಂದು, ಜೂರಾ ಮತ್ತೆ ಏನೋ ಅಂದಳಂತೆ. ಕಲೀಚಾ ಅನ್ನದ ತಟ್ಟೆ ಸರಿಸಿ, ನನ್ನ ಮಗಳ ಕೌದಿ ಹೊಲಿದವಳು ಬಾತ್ಮಾ, ನೀವು ಹಾಕಿದ ಒಂದು ಕತ್ತರಿಯನ್ನೂ ಅವಳೇ ಸರಿಪಡಿಸಿದ್ದು, ಸುಳ್ಳು ಹೇಳಿದ್ದು ನೀವು, ಸುಮ್ಮನಿದ್ದದ್ದು ನಾನು ಎಂದಳಂತೆ. ಇದನ್ನು ಓಡಿ ಬಂದು ಹೇಳಿದವಳು ಮೇರಿಮ್, ಮೊದಲಿನಷ್ಟೇ ಹಿಂದುಮುಂದಿಲ್ಲದೆ. ಜೂರಾ ಅವತ್ತಿನಿಂದ ಎರಡೂ ಮನೆಯವರೊಂದಿಗೆ ಮಾತು ಬಿಟ್ಟಳು.

ಕೇಳಿದ ಮೇಲೆ ಬಾತ್ಮಾಳಿಗೆ ಹಗುರವಾಗಬೇಕಿತ್ತು. ಸ್ವಲ್ಪ ಆಯಿತು. ಪೂರ್ತಿ ಆಗಲಿಲ್ಲ. ಇಷ್ಟು ಚಿಕ್ಕ ಮಾತಿಗೆ ಒಂದು ವರ್ಷ ಬೇಕಾಯಿತೇ ಎಂಬುದು ಒಳಗೆ ಕುಟುಕುತ್ತಲೇ ಇತ್ತು. ಕಲೀಚಾ ಮತ್ತೆ ಬರತೊಡಗಿದಳು, ಇಬ್ಬರೂ ಕೂತು ಚಹಾ ಕುಡಿದರು, ಹಸು ಆಲೂಗಡ್ಡೆ ಮೊಮ್ಮಗಳು ಎಂದು ಮಾತಾಡಿದರು. ಹಿಂದಿನ ಹಾಗೆ ಎಲ್ಲವನ್ನೂ ಮಾತಾಡಲಿಲ್ಲ.

ಹೊಸ ಹಿಮ ಬೀಳುವ ಮೊದಲು ಸೋನುನ್ ತನ್ನ ಎರಡನೇ ಮಗಳಿಗೆ ಕೌದಿ ಮಾಡಿಸಲು ಬಂದಳು. ಹಗಲಿನಲ್ಲಿ, ಬೀದಿ ಬಾಗಿಲಿನಿಂದ, ಒಬ್ಬ ವಾರಗಿತ್ತಿಯನ್ನು ಕರೆದುಕೊಂಡು. ಇನ್ನಿಬ್ಬರು ಬರಲು ಒಪ್ಪಲಿಲ್ಲ ಎಂದು ಹೇಳಿದಳು. ಬಾತ್ಮಾ ಅವಳನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಗಂಟು ಬಿಚ್ಚಿ ಮಖಮಲ್ಲನ್ನು ಒಂದು ಕಡೆ, ಹತ್ತಿಯನ್ನು ಒಂದು ಕಡೆ ಬೇರೆ ಮಾಡತೊಡಗಿದಳು.